ಹಳೆಯ ಪುಟ್ಟ ಕಾರಿನ ಎ.ಸಿ. ಮತ್ತು ಹೀಟರ್: ದೋಷ ಎಲ್ಲಿದೆ?



ನಮ್ಮ ಹಾಸನವನ್ನು ‘ಬಡವರ ಊಟಿ’ ಎಂದು ಕರೆಯುವುದು ವಾಡಿಕೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಈ ಊರಿನಲ್ಲಿ ಕಾರಿಗೆ ಎ.ಸಿ. ಯಾಕೆ, ಕಿಟಕಿ ಇಳಿಸಿದರೆ ಸಾಲದೇ ಎಂದು ಕೇಳುವವರು ಇದ್ದಾರೆ. ಡಿಸೆಂಬರ್ ತಿಂಗಳ ಬೆಳಗಿನ ಆರು ಗಂಟೆಗೆ ಅರಕಲಗೂಡಿನಿಂದ ಹಾಸನಕ್ಕೆ ಹೊರಟವರಿಗೆ ಅಥವಾ ಆಷಾಢದ ಮಳೆಯಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದವರಿಗೆ ಇದರ ಉತ್ತರ ಗೊತ್ತು. ಒಳಗೆ ನಾಲ್ಕು ಜನ ಕೂತು ಉಸಿರಾಡಿದರೆ ಸಾಕು, ಮುಂದಿನ ಗಾಜಿನ ಮೇಲೆ ಹಬೆ ಕೂರುತ್ತದೆ. ಎದುರಿಗೆ ಬರುವ ಲಾರಿ ದೀಪದ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಹಬೆಯನ್ನು ಒಂದೆರಡು ನಿಮಿಷಗಳಲ್ಲಿ ತೆಗೆಯಬಲ್ಲವು ಎ.ಸಿ. ಮತ್ತು ಹೀಟರ್. ಅವು ಸುಖದ ಸಾಧನಗಳು ಮಾತ್ರವಲ್ಲ, ರಸ್ತೆ ಕಾಣಿಸುವ ಸಾಧನಗಳು ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಾರುತಿ 800 ಕಾರು ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಗಾಡಿಯನ್ನು ಇನ್ನೂ ಜೋಪಾನವಾಗಿ ಓಡಿಸುವವರು ನಮ್ಮ ತಾಲ್ಲೂಕುಗಳಲ್ಲಿದ್ದಾರೆ. ಝೆನ್, ಸ್ಯಾಂಟ್ರೊ, ಇಂಡಿಕಾ, ಹಳೆಯ ಆಲ್ಟೊ ಇಟ್ಟುಕೊಂಡವರೂ ಇದ್ದಾರೆ. ಈ ಮಾತುಗಳು ಅಂಥವರಿಗಾಗಿ. ಗಾಡಿಯನ್ನು ನೀವೇ ರಿಪೇರಿ ಮಾಡಿ ಎಂದು ನಾನು ಹೇಳುತ್ತಿಲ್ಲ. ದೋಷ ಯಾವ ಕಡೆ ಇದೆ ಎಂದು ನೀವೇ ಗುರುತಿಸಬಹುದು, ಹಾಗೆ ಗುರುತಿಸಿದರೆ ಹಣವೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ ಎಂದು ಹೇಳುತ್ತಿದ್ದೇನೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹೊಳೆನರಸೀಪುರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ನನ್ನ ಬಳಿ ಬಂದರು. ಅವರ ಮನೆಯವರನ್ನು ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದುಕೊಂಡು ಹೋಗಬೇಕಾಗಿತ್ತು. ಸೆಕೆಯಲ್ಲಿ ಆಕೆಗೆ ತಲೆ ಸುತ್ತು ಬರುತ್ತಿತ್ತು. ಆ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದ್ದರು, ಎರಡು ಸಲವೂ ಪ್ರಯೋಜನವಾಗಿರಲಿಲ್ಲ.

“ಗಾಡಿ ಓಡುವಾಗ ತಂಪು ಬರುತ್ತಾ ಮೇಷ್ಟ್ರೇ?” ಎಂದು ಕೇಳಿದೆ.

“ಬರುತ್ತೆ ಕಣಪ್ಪ. ರೈಲ್ವೆ ಗೇಟು ಬಿದ್ದು ಗಾಡಿ ನಿಂತರೆ ಮಾತ್ರ ಬಿಸಿಗಾಳಿ. ಗೇಟು ತೆಗೆದು ಒಂದು ಮೈಲಿ ಹೋದರೆ ಮತ್ತೆ ತಂಪು.”

ಅವರ ಆ ಮಾತಿನಲ್ಲೇ ಉತ್ತರವಿತ್ತು. ಬಾನೆಟ್ ಎತ್ತಿ ಎ.ಸಿ. ಹಾಕಿದೆವು. ಕಂಡೆನ್ಸರಿನ ಫ್ಯಾನ್ ತಿರುಗಲೇ ಇಲ್ಲ. ಮೋಟಾರಿನ ಕಾರ್ಬನ್ ಬ್ರಷ್ ಸವೆದು ಹೋಗಿತ್ತು. ಗಾಡಿ ಓಡುವಾಗ ಎದುರುಗಾಳಿ ಫ್ಯಾನಿನ ಕೆಲಸ ಮಾಡುತ್ತಿತ್ತು, ನಿಂತಾಗ ಮಾಡುತ್ತಿರಲಿಲ್ಲ. ಗ್ಯಾಸು ಕಡಿಮೆಯೇ ಆಗಿರಲಿಲ್ಲ. ಎರಡು ಸಲ ತುಂಬಿದ್ದರಿಂದ ಹೆಚ್ಚಾಗಿ, ತಂಪು ಇನ್ನಷ್ಟು ಕೆಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಂಪು ಇಲ್ಲ ಎಂದಾಕ್ಷಣ ಗ್ಯಾಸ್ ತುಂಬಿಸುವುದು ನಮ್ಮಲ್ಲಿ ಬೇರೂರಿರುವ ಅಭ್ಯಾಸ. ಗ್ಯಾಸ್ ನೋಡಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಗಾಳಿ, ಆಮೇಲೆ ವಿದ್ಯುತ್ತು, ಆಮೇಲೆ ನೀರು, ಕೊನೆಗೆ ಗ್ಯಾಸ್. ಈ ಕ್ರಮವನ್ನು ನೆನಪಿಡಿ.

ಎರಡು ಯಂತ್ರ, ಒಂದು ಗಾಳಿ

ಇವು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯೋಣ. ಸೂಜಿ ಚುಚ್ಚುವ ಮೊದಲು ನರ್ಸಮ್ಮ ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲವೇ? ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಎ.ಸಿ.ಯ ತತ್ವವೂ ಇಷ್ಟೇ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಗ್ಯಾಸು ದ್ರವರೂಪದಿಂದ ಆವಿಯಾಗುತ್ತದೆ, ಕಾಯಿಲ್ ತಣ್ಣಗಾಗುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದು ಒತ್ತುತ್ತದೆ. ಒತ್ತಿದ ಬಿಸಿ ಆವಿಯು ಗಾಡಿಯ ಮೂತಿಯಲ್ಲಿರುವ ಕಂಡೆನ್ಸರಿಗೆ ಹೋಗಿ, ಹೊರಗಿನ ಗಾಳಿಗೆ ಶಾಖ ಕೊಟ್ಟು ಮತ್ತೆ ದ್ರವವಾಗುತ್ತದೆ. ಡ್ರೈಯರ್ ಅದರ ತೇವವನ್ನು ಹೀರುತ್ತದೆ, ಎಕ್ಸ್‌ಪ್ಯಾನ್ಷನ್ ವಾಲ್ವ್ ಅಳತೆ ನೋಡಿ ಕಾಯಿಲ್‌ಗೆ ಬಿಡುತ್ತದೆ. ಹೀಗೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಅದು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ.

ಹೀಟರ್ ಇನ್ನೂ ಸರಳ. ಎಂಜಿನ್ನಿನ ಬಿಸಿನೀರಿನ ಒಂದು ಪಾಲು ಡ್ಯಾಶ್‌ಬೋರ್ಡಿನ ಕೆಳಗಿರುವ ಸಣ್ಣ ರೇಡಿಯೇಟರಿನಂಥ ಹೀಟರ್ ಕಾಯಿಲ್‌ಗೆ ಬರುತ್ತದೆ. ಎರಡು ಕಾಯಿಲ್‌ಗಳಿಗೂ ಗಾಳಿ ಊದುವುದು ಒಂದೇ ಬ್ಲೋವರ್. ಆದ್ದರಿಂದ ಒಂದರ ದೋಷ ಇನ್ನೊಂದರ ದೋಷದಂತೆ ಕಾಣುವುದುಂಟು.

ಮೊದಲು ಗಾಳಿ

ಬ್ಲೋವರನ್ನು ಪೂರ್ತಿ ವೇಗಕ್ಕೆ ಇಟ್ಟು ಜಾಲರಿಯ ಮುಂದೆ ಕೈ ಹಿಡಿಯಿರಿ. ಸದ್ದು ಜೋರಾಗಿದ್ದು ಗಾಳಿ ಕಡಿಮೆ ಇದ್ದರೆ ದಾರಿ ಕಟ್ಟಿದೆ ಎಂದರ್ಥ. ರಾಮನಾಥಪುರ, ಕೊಣನೂರು ಕಡೆಯ ಹೊಲದ ರಸ್ತೆಗಳ ಕೆಮ್ಮಣ್ಣಿನ ಧೂಳು ತೇವದ ಕಾಯಿಲ್‌ಗೆ ಅಂಟಿ ಕಂಬಳಿಯಂತೆ ಕೂರುತ್ತದೆ. ಹಳ್ಳಿಗಳಲ್ಲಿ ರಾಗಿಹುಲ್ಲಿನ ಮೆದೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಇನ್ನೊಂದನ್ನು ನೋಡಬೇಕು. ಗಾಜಿನ ಬುಡದ ಗಾಳಿಕಿಂಡಿಯಿಂದ ಇಲಿಗಳು ನುಗ್ಗಿ ಬ್ಲೋವರಿನೊಳಗೆ ಹುಲ್ಲು ತುಂಬಿ ಗೂಡು ಮಾಡುತ್ತವೆ, ವೈರನ್ನೂ ಕಡಿಯುತ್ತವೆ. ಎ.ಸಿ. ಹಾಕಿದಾಗ ಕೆಟ್ಟ ವಾಸನೆ ಬಂದರೆ ಮೊದಲು ಇದನ್ನು ಶಂಕಿಸಿ.

ಬ್ಲೋವರು ಪೂರ್ತಿ ವೇಗದಲ್ಲಿ ಮಾತ್ರ ತಿರುಗಿ, ಕಡಿಮೆ ವೇಗಗಳಲ್ಲಿ ಸುಮ್ಮನಿದ್ದರೆ ಮೋಟಾರ್ ಬದಲಿಸಬೇಕಿಲ್ಲ. ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಅದು ಚಿಕ್ಕ ಭಾಗ, ಖರ್ಚೂ ಚಿಕ್ಕದು.

ಇನ್ನೊಂದು ಲಕ್ಷಣ: ಅರ್ಧ ಗಂಟೆ ಒಳ್ಳೆಯ ತಂಪು, ಆಮೇಲೆ ಗಾಳಿಯೇ ಕ್ಷೀಣ. ಎ.ಸಿ. ಆರಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಇದು ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ ಗುರುತು. ಕಾಯಿಲ್ ಕೊಳೆಯಾಗಿರಬೇಕು, ಇಲ್ಲವೇ ಅತಿಯಾಗಿ ತಣ್ಣಗಾಗದಂತೆ ಕಂಪ್ರೆಸರನ್ನು ನಿಲ್ಲಿಸುವ ಉಷ್ಣತೆಯ ಸ್ವಿಚ್ಚು ಕೆಟ್ಟಿರಬೇಕು. ಇಲ್ಲಿಯೂ ಗ್ಯಾಸು ಸಾಮಾನ್ಯವಾಗಿ ನಿರಪರಾಧಿ.

ಗಾಡಿಯ ಮೂತಿಯನ್ನೂ ನೋಡಿ. ಕಂಡೆನ್ಸರಿನ ರೆಕ್ಕೆಗಳಲ್ಲಿ ಕೆಸರು, ಹುಳು, ಹತ್ತಿಯಂಥ ಧೂಳು ತುಂಬಿದ್ದರೆ ಎಂಜಿನ್ ಆರಿದ ಮೇಲೆ ಸಾದಾ ನಲ್ಲಿ ನೀರಿನಿಂದ ನಿಧಾನವಾಗಿ ತೊಳೆಯಿರಿ. ಸರ್ವೀಸ್ ಪಂಪಿನ ಜೋರು ನೀರು ರೆಕ್ಕೆಗಳನ್ನು ಮಡಿಚಿಬಿಡುತ್ತದೆ. ಎ.ಸಿ. ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ಎಂದು ಕಣ್ಣಾರೆ ನೋಡಿ, ಆದರೆ ಕೈ ದೂರವಿರಲಿ. ಎಂಜಿನ್ ನಿಂತಿದ್ದರೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಾನಾಗಿ ಚಾಲೂ ಆಗುತ್ತದೆ.

ಎರಡನೆಯದು ವಿದ್ಯುತ್ತು

ಎಂಜಿನ್ ಚಾಲೂ ಇರುವಾಗ ಒಬ್ಬರು ಎ.ಸಿ. ಸ್ವಿಚ್ ಒತ್ತಲಿ, ಇನ್ನೊಬ್ಬರು ಕಂಪ್ರೆಸರಿನ ಕಡೆ ಕಿವಿಯಿಡಲಿ. ‘ಟಕ್’ ಎಂಬ ಸದ್ದು ಬಂದು, ಪುಲ್ಲಿಯ ಮುಂದಿನ ತಟ್ಟೆಯೂ ತಿರುಗಬೇಕು. ಅದು ಆಯಸ್ಕಾಂತದ ಕ್ಲಚ್. ಎಂಜಿನ್ನಿನ ವೇಗ ಸ್ವಲ್ಪ ತಗ್ಗಿ ಮತ್ತೆ ಸರಿಯಾಗುವುದೂ ಒಳ್ಳೆಯ ಗುರುತೇ.

ಸದ್ದು ಬರಲಿಲ್ಲವೇ? ಮೊದಲು ಫ್ಯೂಸ್. ಆಮೇಲೆ ರಿಲೇ. ಪಕ್ಕದಲ್ಲೇ ಅದೇ ಬಗೆಯ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಅದೂ ಸರಿಯಿದ್ದರೆ ಕ್ಲಚ್ಚಿನ ವೈರಿಗೆ ಕರೆಂಟು ಬರುತ್ತಿದೆಯೇ ಎಂದು ಮೆಕ್ಯಾನಿಕ್ ಟೆಸ್ಟ್ ಲ್ಯಾಂಪಿನಿಂದ ನೋಡಬೇಕು. ಕರೆಂಟು ಬಂದೂ ಕ್ಲಚ್ ಹಿಡಿಯದಿದ್ದರೆ ದೋಷ ಕ್ಲಚ್ಚಿನಲ್ಲಿದೆ. ತಣ್ಣಗಿದ್ದಾಗ ಹಿಡಿದು ಎಂಜಿನ್ ಕಾದ ಮೇಲೆ ಬಿಡುತ್ತಿದ್ದರೆ ತಟ್ಟೆ ಸವೆದು ಸಂದು ಹೆಚ್ಚಾಗಿರುವ ಸಂಭವ ಹೆಚ್ಚು. ಆ ಸಂದನ್ನು ಸರಿಪಡಿಸಿದರೆ ಸಾಕಾಗಬಹುದು, ಇಡೀ ಕಂಪ್ರೆಸರ್ ಬದಲಿಸಬೇಕಾಗಿಲ್ಲ.

ಕರೆಂಟೇ ಬರದಿದ್ದರೆ ಪ್ರೆಷರ್ ಸ್ವಿಚ್ ತಡೆದಿರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗ ಕಂಪ್ರೆಸರ್ ತಿರುಗದಂತೆ ಕಾಯುವ ಕಾವಲುಗಾರ ಅದು. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಗ್ಯಾಸಿಲ್ಲದೆ ತಿರುಗಿದರೆ ಎಣ್ಣೆಯಿಲ್ಲದೆ ತಿರುಗಿದಂತೆ. ಈ ಸ್ವಿಚ್ಚಿನ ಎರಡು ವೈರನ್ನು ಜೋಡಿಸಿ “ಈಗ ಓಡುತ್ತೆ ಬಿಡಿ” ಎನ್ನುವವರಿದ್ದಾರೆ. ಒಪ್ಪಬೇಡಿ. ಹಾಗೆ ಓಡಿಸಿದರೆ ಕಂಪ್ರೆಸರ್ ಹೆಚ್ಚು ದಿನ ಬಾಳುವುದಿಲ್ಲ.

ಮೂರನೆಯದು ನೀರು

ಇದು ಈ ಮಾತಿನ ಮುಖ್ಯ ಭಾಗ, ನಾನು ದಂಡ ತೆತ್ತು ಕಲಿತ ಭಾಗವೂ ಹೌದು. ಒಂದು ಜನವರಿಯ ಮುಂಜಾನೆ ಕೊಣನೂರಿನಿಂದ ಬರುತ್ತಿದ್ದೆ. ಅರಕಲಗೂಡು ದಾಟಿದ ಮೇಲೆ ಹೀಟರಿನ ಬಿಸಿಗಾಳಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಹಳೆಯ ಹೀಟರ್ ತಾನೇ ಎಂದು ಉದಾಸೀನ ಮಾಡಿದೆ. ಉಷ್ಣತೆಯ ಮುಳ್ಳು ಮೇಲೇರಿರಲಿಲ್ಲ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಬಡಿದುಕೊಂಡು ನಿಂತಿತು. ನೀರು ಸೋರಿ ಬರಿದಾಗಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ ಬಾಗಿತ್ತು. ಮುಳ್ಳಿನ ಸೆನ್ಸರ್ ಮುಳುಗಿರಲು ನೀರೇ ಇಲ್ಲದಾಗ ಮುಳ್ಳು ಸುಳ್ಳು ಹೇಳಬಹುದು ಎಂಬುದು ನನಗೆ ಗೊತ್ತಿತ್ತು. ಆದರೂ ಹೀಟರ್ ಮೊದಲು ಕೊಟ್ಟ ಸುಳಿವನ್ನು ಕೇಳಲಿಲ್ಲ.

ಆದ್ದರಿಂದ ಬಿಸಿಯಾಗಿ ಬರುತ್ತಿದ್ದ ಹೀಟರ್ ದಾರಿಯಲ್ಲಿ ಒಮ್ಮೆಗೇ ತಣ್ಣಗಾದರೆ ಗಾಡಿ ನಿಲ್ಲಿಸಿ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತೆರೆದು ನೀರು ನೋಡಿ. ಬಿಸಿಯಿದ್ದಾಗ ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ.

ಈ ಮುಚ್ಚಳದ ಬಗ್ಗೆ ನಮ್ಮ ಜಿಲ್ಲೆಯವರು ವಿಶೇಷವಾಗಿ ತಿಳಿಯಬೇಕು. ಎತ್ತರ ಹೆಚ್ಚಿದಂತೆ ನೀರು ಬೇಗ ಕುದಿಯುತ್ತದೆ. ಹಾಸನದಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೆ. ರೇಡಿಯೇಟರಿನ ನೀರು 110 ಡಿಗ್ರಿ ದಾಟಿದರೂ ಕುದಿಯದಂತೆ ಒತ್ತಡದಿಂದ ಹಿಡಿದಿಡುವುದು ಆ ಮುಚ್ಚಳದ ಸ್ಪ್ರಿಂಗ್ ಮತ್ತು ರಬ್ಬರ್. ರಬ್ಬರ್ ಒಡೆದ ಮುಚ್ಚಳವಿದ್ದರೆ ಘಾಟಿ ಹತ್ತುವಾಗ ನೀರು ಕುದಿದು ಹೊರಚೆಲ್ಲುತ್ತದೆ. ಕೆಲವು ನೂರು ರೂಪಾಯಿಯ ಮುಚ್ಚಳ ಬದಲಿಸದೆ ಎಂಜಿನ್ ಬಿಚ್ಚಿಸಿಕೊಂಡವರುಂಟು.

ನೀರಿನ ಗುಣವೂ ಮುಖ್ಯ. ಚನ್ನರಾಯಪಟ್ಟಣದಂಥ ಬಯಲುಸೀಮೆಯ ಕಡೆ ಕೊಳವೆಬಾವಿಯ ನೀರು ಗಡಸು. ಮನೆಯ ನೀರೊಲೆಯ ಹಂಡೆಯೊಳಗೆ ಬಿಳಿಯ ಪಕಳೆ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪಕಳೆ ಹೀಟರ್ ಕಾಯಿಲ್‌ನ ತೆಳು ನಳಿಕೆಗಳಲ್ಲೂ ಕಟ್ಟುತ್ತದೆ. ಆದ್ದರಿಂದ ಕೂಲೆಂಟನ್ನು ಶುದ್ಧೀಕರಿಸಿದ ನೀರಿನಲ್ಲಿ, ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ ಹಾಕಿ. ಈಗಾಗಲೇ ನೀರು ಬೆರೆಸಿ ಮಾರುವ ಕೂಲೆಂಟಿಗೆ ಮತ್ತೆ ನೀರು ಬೇಡ.

ನೀರು ಸರಿಯಿದ್ದೂ ಹೀಟರ್ ಬಿಸಿಯಾಗದಿದ್ದರೆ ಹೀಗೆ ಪರೀಕ್ಷಿಸಿ. ಎಂಜಿನ್ ಕಾದ ಮೇಲೆ ಹೀಟರ್ ಲಿವರನ್ನು ಪೂರ್ತಿ ಬಿಸಿಯ ಕಡೆ ಇಡಿ. ಎಂಜಿನ್ನಿನಿಂದ ಕ್ಯಾಬಿನ್ನಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ಒಳಗಿನ ಗಾಳಿಯ ಬಾಗಿಲು ಅಥವಾ ಅದರ ಕೇಬಲ್ ತಪ್ಪಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿದೆ, ವಾಲ್ವ್ ತೆರೆದಿಲ್ಲ, ಇಲ್ಲವೇ ಒಳಗೆ ಗಾಳಿ ಸಿಕ್ಕಿದೆ. ಎರಡೂ ಉಗುರುಬೆಚ್ಚಗಿದ್ದು, ಎಷ್ಟು ದೂರ ಹೋದರೂ ಮುಳ್ಳು ಏಳದಿದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ನಿಂತಿರಬಹುದು. ಬೇಸಿಗೆಯಲ್ಲಿ ಯಾರಾದರೂ ಅದನ್ನು ಕಿತ್ತೇ ಹಾಕಿರಲೂಬಹುದು. ಅಂಥ ಎಂಜಿನ್ ಸದಾ ತಣ್ಣಗಿದ್ದು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಎಡಗಡೆಯ ಸೀಟಿನ ಕಾಲಬುಡ ಒದ್ದೆಯಾದರೆ ಬೆರಳಿಂದ ಮುಟ್ಟಿ ನೋಡಿ. ತಿಳಿನೀರಾದರೆ ಎ.ಸಿ. ಕಾಯಿಲ್‌ನ ನೀರು ಹೊರಹೋಗುವ ಸಣ್ಣ ಪೈಪು ಕಟ್ಟಿದೆ, ತಂತಿ ಹಾಕಿ ಬಿಡಿಸಿದರೆ ಆಯಿತು. ಜಿಗುಟಾಗಿದ್ದು, ಸಿಹಿ ವಾಸನೆಯಿದ್ದು, ಗಾಜಿನ ಮೇಲೆ ಎಣ್ಣೆಯಂಥ ಹಬೆ ಕೂರುತ್ತಿದ್ದರೆ ಹೀಟರ್ ಕಾಯಿಲ್ ಸೋರುತ್ತಿದೆ. ಅದು ವಿಷದ ದ್ರವ, ಮಕ್ಕಳೂ ನಾಯಿಬೆಕ್ಕುಗಳೂ ಮುಟ್ಟದಿರಲಿ, ನೀವೂ ಕೈ ತೊಳೆದುಕೊಳ್ಳಿ. ಇನ್ನು ಎ.ಸಿ. ಹಾಕಿದಾಗ ಗಾಡಿಯ ಕೆಳಗೆ ತಿಳಿನೀರು ತೊಟ್ಟಿಕ್ಕುವುದು ದೋಷವಲ್ಲ, ಆರೋಗ್ಯದ ಲಕ್ಷಣ.

ಎ.ಸಿ.ಯ ತಂಪು ಅರೆಬರೆಯಾಗಿದ್ದರೆ ಹೀಟರನ್ನೂ ಶಂಕಿಸಬೇಕು. ಲಿವರನ್ನು ತಂಪಿನ ಕಡೆ ಎಳೆದಿದ್ದರೂ ಕೇಬಲ್ ಸಡಿಲಾಗಿ ಒಳಗಿನ ಬಾಗಿಲು ಪೂರ್ತಿ ಮುಚ್ಚದಿದ್ದರೆ, ತಂಪಾದ ಗಾಳಿಯೇ ಮತ್ತೆ ಬಿಸಿ ಕಾಯಿಲ್ ಮೇಲೆ ಹಾದುಬರುತ್ತದೆ. ಕೇಬಲ್ ಬಿಗಿದರೆ ಎ.ಸಿ. ಸರಿಯಾಗುತ್ತದೆ.

ಕೊನೆಗೆ ಗ್ಯಾಸ್

ಇಷ್ಟೆಲ್ಲ ಸರಿಯಿದ್ದೂ ತಂಪಿಲ್ಲದಿದ್ದರೆ ಮಾತ್ರ ಗ್ಯಾಸಿನ ಮಾತು. ಹೊರಗೆ 30 ಡಿಗ್ರಿ ಇರುವಾಗ, ಬಾಗಿಲು ಹಾಕಿ ಹತ್ತು ನಿಮಿಷ ಎ.ಸಿ. ಓಡಿಸಿದ ಮೇಲೆ ನಡುವಿನ ಜಾಲರಿಯ ಗಾಳಿ 8ರಿಂದ 12 ಡಿಗ್ರಿಯಷ್ಟಿದ್ದರೆ ಎ.ಸಿ. ಚೆನ್ನಾಗಿದೆ.

ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಟ್ಟಲೆಯಲ್ಲಿ ಗ್ಯಾಸು ಅಲ್ಪಸ್ವಲ್ಪ ಜಿನುಗುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಅದು ಸೋರಿಕೆ. ಪೈಪಿನ ಜೋಡಣೆಗಳಲ್ಲಿ ಎಣ್ಣೆ ಹತ್ತಿ ಧೂಳು ಕಪ್ಪಾಗಿ ಅಂಟಿದ ಕಡೆ ನೋಡಿ, ಗ್ಯಾಸು ಸೋರುವಲ್ಲಿ ಎಣ್ಣೆಯೂ ಸೋರುತ್ತದೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬುವುದು ತೂತು ಬಿಂದಿಗೆಗೆ ನೀರು ತುಂಬಿದಂತೆ.

ಗೇಜ್ ಹಾಕಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಆರ್-134ಎ ಗ್ಯಾಸಿನ ಗಾಡಿಯಲ್ಲಿ, ಸುಮಾರು 30 ಡಿಗ್ರಿ ಹವೆಯಲ್ಲಿ, ನೀಲಿ ಗೇಜ್ 25ರಿಂದ 40 ಪೌಂಡು, ಕೆಂಪು ಗೇಜ್ 180ರಿಂದ 230 ಪೌಂಡು ತೋರಿಸುವುದು ಸಾಮಾನ್ಯ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರಿಗೆ ಗಾಳಿಯಿಲ್ಲ ಅಥವಾ ಗ್ಯಾಸ್ ಅತಿಯಾಗಿದೆ. ನೀಲಿ ಹೆಚ್ಚು, ಕೆಂಪು ಕಡಿಮೆಯಿದ್ದರೆ ಕಂಪ್ರೆಸರ್ ಸವೆದಿದೆ. ನೀಲಿ ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ ದಾರಿಯಲ್ಲಿ ಅಡಚಣೆಯಿದೆ. ಒಳಗೆ ತೇವ ಸೇರಿ ವಾಲ್ವಿನಲ್ಲಿ ಹೆಪ್ಪುಗಟ್ಟಿರುವುದೂ ಉಂಟು.

ಹಳೆಯ ಗಾಡಿಗಳಲ್ಲಿ ಆರ್-12 ಗ್ಯಾಸ್ ಇರುತ್ತಿತ್ತು. ಅದು ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಜಗತ್ತು ಅದನ್ನು ಕೈಬಿಟ್ಟಿತು. ಅಂಥ ಗಾಡಿಯನ್ನು ಆರ್-134ಎಗೆ ಬದಲಿಸುವಾಗ ಹಳೆಯ ಎಣ್ಣೆಯನ್ನು ತೆಗೆದು, ಹೊಸ ಗ್ಯಾಸಿಗೆ ಹೊಂದುವ ಎಣ್ಣೆ ಮತ್ತು ಹೊಸ ಡ್ರೈಯರ್ ಹಾಕಲೇಬೇಕು. ಆರ್-134ಎ ಓಜೋನಿಗೆ ಹಾನಿ ಮಾಡದು, ಆದರೆ ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಸುಮ್ಮನೆ ಗಾಳಿಗೆ ಬಿಡುವುದು ಸರಿಯಲ್ಲ. ಅಗ್ಗವೆಂದು ಅಡುಗೆ ಅನಿಲದಂಥ ಹೊತ್ತಿಕೊಳ್ಳುವ ಗ್ಯಾಸನ್ನು ಈ ಗಾಡಿಗಳಿಗೆ ತುಂಬಿಸಲೇಬೇಡಿ. ಕಾಯಿಲ್ ಸೋರಿದರೆ ಅದು ನೀವು ಕೂತಿರುವ ಜಾಗಕ್ಕೇ ಬರುತ್ತದೆ.

ಗ್ಯಾರೇಜಿನಲ್ಲಿ ಸಂಕೋಚವಿಲ್ಲದೆ ನಾಲ್ಕು ಮಾತು ಕೇಳಿ. ಸೋರಿಕೆ ಎಲ್ಲಿತ್ತು, ತೋರಿಸುತ್ತೀರಾ? ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ ಪರೀಕ್ಷಿಸಿದಿರಾ? ಗ್ಯಾಸಿಗೆ ಮೊದಲು ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದಿರಾ? ಬಾನೆಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತೂಕ ಮಾಡಿ ಹಾಕಿದಿರಾ? ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಗಾಜು ತಿಳಿಯಾಗಲಿ

ಗಾಜಿನ ಮೇಲೆ ಹಬೆ ಕೂತಾಗ ಏನು ಮಾಡಬೇಕೆಂಬುದನ್ನು ಹೇಳಿ ಮುಗಿಸುತ್ತೇನೆ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಹೊರಗಿನ ಗಾಳಿ ಒಳಬರುವಂತೆ ಲಿವರ್ ಇಡಿ, ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ನಿಮ್ಮ ಉಸಿರಿನ ತೇವ ಅಲ್ಲೇ ಉಳಿಯುತ್ತದೆ. ಎ.ಸಿ. ಹಾಕಿ, ಜೊತೆಗೆ ಹೀಟರನ್ನೂ ತೆರೆಯಿರಿ. ಎ.ಸಿ. ಕಾಯಿಲ್ ಗಾಳಿಯ ತೇವವನ್ನು ನೀರಾಗಿಸಿ ಹೊರಹಾಕುತ್ತದೆ, ಹೀಟರ್ ಒಣಗಿದ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಒಣ ಬೆಚ್ಚನೆಯ ಗಾಳಿ ತಗಲಿದರೆ ಹಬೆ ನಿಲ್ಲುವುದಿಲ್ಲ. ಬಟ್ಟೆಯಿಂದ ಒರೆಸುತ್ತ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿಯುವ ಅಪಾಯ ತಪ್ಪುತ್ತದೆ.

ಒಂದು ಎಚ್ಚರಿಕೆ. ನಿಂತ ಗಾಡಿಯಲ್ಲಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ, ಎ.ಸಿ. ಅಥವಾ ಹೀಟರ್ ಹಾಕಿಕೊಂಡು ಮಲಗಬೇಡಿ. ಹಳೆಯ ಗಾಡಿಯ ಸೈಲೆನ್ಸರ್ ತೂತಾಗಿದ್ದರೆ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಒಳಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಫ್ಯಾನ್ ಸರಿಯಾದ ಮೇಲೆ, ಹೆಚ್ಚಾಗಿದ್ದ ಗ್ಯಾಸನ್ನು ಸಿಲಿಂಡರಿಗೆ ತೆಗೆದು ತೂಕಕ್ಕೆ ಸರಿಯಾಗಿ ಹಾಕಿದ ಮೇಲೆ, ಆ ಮೇಷ್ಟ್ರು ಮುಂದಿನ ತಿಂಗಳು ಮತ್ತೆ ಬಂದಿದ್ದರು. “ಈ ಸಲ ಮನೆಯವಳು ಗೇಟು ಬಿದ್ದದ್ದನ್ನೇ ಗಮನಿಸಲಿಲ್ಲ ಕಣಪ್ಪ, ನಿದ್ದೆ ಮಾಡುತ್ತಿದ್ದಳು” ಎಂದರು. ಅವರಿಗೆ ಆದ ಖರ್ಚು ಒಂದು ಸಲ ಗ್ಯಾಸ್ ತುಂಬಿಸಿದ್ದಕ್ಕಿಂತಲೂ ಕಡಿಮೆ.

ಮುಂದಿನ ಮಳೆಗಾಲದೊಳಗೆ ಒಂದು ಭಾನುವಾರ ಬಾನೆಟ್ ಎತ್ತಿ, ಈ ನಾಲ್ಕನ್ನೂ ಕ್ರಮವಾಗಿ ನೋಡಿಕೊಳ್ಳಿ: ಗಾಳಿ, ವಿದ್ಯುತ್ತು, ನೀರು, ಗ್ಯಾಸ್. ನಿಮ್ಮ ಪಯಣ ಸುಖವಾಗಿರಲಿ.